ಹುಣಸೆಮರದ ಶಾಲೆಯೋ, ಹೆಂಚಿನ ಶಾಲೆಯೋ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಹೋಲಿಸಿ ನೋಡುವ ಚಟ. ಇದಕ್ಕೆ ಔಷಧಿಯಿಲ್ಲ, ಇದರಿಂದ ಮರ್ಯಾದೆಯೂ ಇಲ್ಲ. ಎದುರಿಗೆ ಒಂದೇ ವಸ್ತುವಿದ್ದರೆ ನಾನೂ ಎಲ್ಲರಂತೆ ಬುದ್ಧಿವಂತನೇ. ಎರಡಿಟ್ಟರೆ ಮುಗಿಯಿತು, ನಿಂತಲ್ಲೇ ನಿಂತುಬಿಡುತ್ತೇನೆ. ಸಂತೆಗೆ ಬದನೆಕಾಯಿ ತರಲು ಹೋಗಿ, ಈ ಗುಡ್ಡೆಯಿಂದ ಆ ಗುಡ್ಡೆಗೂ ಆ ಗುಡ್ಡೆಯಿಂದ ಈ ಗುಡ್ಡೆಗೂ ಓಡಾಡಿ, ಇದರ ತೊಟ್ಟು ಚೆಂದ, ಅದರ ಮೈ ಚೆಂದ ಎಂದು ಲೆಕ್ಕ ಹಾಕುವಷ್ಟರಲ್ಲಿ ಎರಡು ಗುಡ್ಡೆಯೂ ಖಾಲಿಯಾಗಿ, ಯಾರಿಗೂ ಬೇಡವಾದ ಹಾಗಲಕಾಯಿ ಹಿಡಿದು ಮನೆಗೆ ಬಂದದ್ದುಂಟು. ನನ್ನ ಮದುವೆಯ ಕಥೆಯೂ ಹೆಚ್ಚುಕಡಿಮೆ ಇದೇ. ನ್ಯಾಮತಿಯಲ್ಲೊಂದು ಹೆಣ್ಣು ನೋಡಿದ್ದೆವು, ಹೊನ್ನಾಳಿಯಲ್ಲೊಂದು. ನಾನು ಇವಳೋ ಅವಳೋ ಎಂದು ಹೋಲಿಸುತ್ತ ಕೂತಿದ್ದಾಗ ನ್ಯಾಮತಿಯವರು ಕಾದು ಕಾದು ಬೇಸತ್ತು ಮಗಳನ್ನು ಬೇರೆ ಕಡೆ ಧಾರೆಯೆರೆದು ಕೊಟ್ಟರು. ಹೊನ್ನಾಳಿಯವರು ಕಾದರು. ಹೀಗೆ ಗಂಗಮ್ಮ ನನ್ನ ಹೆಂಡತಿಯಾದಳು. ಅವರು ಕಾದದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ನಾನು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಅವರೂ ಅಷ್ಟು ದಿನ ನನ್ನನ್ನು ಇನ್ನೊಂದು ಗಂಡಿನ ಜೊತೆ ಹೋಲಿಸುತ್ತಿದ್ದರಂತೆ. ಈ ಸಂಗತಿಯನ್ನು ಗಂಗಮ್ಮ ಜಗಳವಾದಾಗ ಮಾತ್ರ ಎತ್ತುತ್ತಾಳೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ.

ಈಗ ಯುದ್ಧದ ದೆಸೆಯಿಂದ ಅಂಗಡಿಗಳಲ್ಲಿ ಆರಿಸಿಕೊಳ್ಳಲು ಏನೂ ಉಳಿದಿಲ್ಲವಾಗಿ ನನ್ನ ಚಟ ಸ್ವಲ್ಪ ತಗ್ಗಿದೆ. ನಾನು ಹೇಳಹೊರಟಿರುವುದು ಅದಕ್ಕೂ ಮುಂಚಿನ ಮಾತು. ತಾಲೂಕು ಕಚೇರಿಯ ಗುಮಾಸ್ತನಾದ ನನಗೆ ಆಗ ಜಗಳೂರಿನಿಂದ ಚನ್ನಗಿರಿಗೆ ವರ್ಗವಾಯಿತು. ಜಗಳೂರಿನಲ್ಲಿ ನಾವಿದ್ದ ಓಣಿಗೆ ಇದ್ದದ್ದು ಒಂದೇ ಶಾಲೆ. ಮಗಳು ಗೌರಿ ಅಲ್ಲೇ ಬೆಳೆದಿದ್ದರೆ ಯಾವ ತಕರಾರೂ ಇಲ್ಲದೆ ವಿದ್ಯಾವಂತೆಯಾಗುತ್ತಿದ್ದಳು. ಚನ್ನಗಿರಿಯಲ್ಲಿ ನಾವು ಹಿಡಿದ ಮನೆಯ ಈ ಕಡೆಗೊಂದು ಸರ್ಕಾರಿ ಪ್ರಾಥಮಿಕ ಶಾಲೆ, ಆ ಕಡೆಗೊಂದು. ಈಚಿನದಕ್ಕೆ ಅಂಗಳದಲ್ಲೊಂದು ಮುದಿ ಹುಣಸೆಮರವಿದ್ದುದರಿಂದ ಜನ ಅದನ್ನು ಹುಣಸೆಮರದ ಶಾಲೆ ಎನ್ನುತ್ತಿದ್ದರು. ಆಚಿನದಕ್ಕೆ ಹೊಸದಾಗಿ ಮಂಗಳೂರು ಹೆಂಚು ಹೊದಿಸಿದ್ದರು, ಆದ್ದರಿಂದ ಅದು ಹೆಂಚಿನ ಶಾಲೆ. ಸರ್ಕಾರ ಒಂದೇ, ಪಠ್ಯಪುಸ್ತಕ ಒಂದೇ, ರಜೆಯೂ ಒಂದೇ. ನಮ್ಮ ಮನೆಯಾದರೋ, ನನ್ನ ಗ್ರಹಚಾರಕ್ಕೆ, ಎರಡಕ್ಕೂ ಸರಿಯಾಗಿ ನಡುವೆ. ಹತ್ತಿರದ್ದು ಯಾವುದೆಂದು ತಿಳಿಯಲು ಒಂದು ಭಾನುವಾರ ಕೊಡೆಯಿಂದ ಎರಡು ದಾರಿಯನ್ನೂ ಅಳೆದು ನೋಡಿದೆ. ಓಣಿಯ ಜನ ರಸ್ತೆ ಅಗಲ ಮಾಡುತ್ತಾರೆಂದು ಹೆದರಿ ಅಮಲ್ದಾರರಿಗೆ ದೂರು ಕೊಟ್ಟರು.

"ಎರಡೂ ಸರ್ಕಾರದ್ದೇ ಅಲ್ಲೇನ್ರಿ? ಕಣ್ಣು ಮುಚ್ಚಿ ಒಂದಕ್ಕೆ ಹಾಕ್ರಿ," ಎಂದಳು ಗಂಗಮ್ಮ. ಕಣ್ಣು ಮುಚ್ಚಿ ಹಾಕುವುದಕ್ಕೆ ಅದೇನು ಕಹಿ ಕಷಾಯವೇ? ನಾನು ಊರವರ ಅಭಿಪ್ರಾಯ ಸಂಗ್ರಹಿಸಲು ಹೊರಟೆ. ನಲ್ಲೂರಿನಿಂದ ಬಂದು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಅಡಿಕೆ ವ್ಯಾಪಾರಿ, "ಹೆಂಚಿನ ಶಾಲಿ ಹುಡುಗ್ರು ಮಗ್ಗಿ ಕೂಗಿದ್ರೆ ನನ್ನ ಅಂಗಡಿಗಂಟ ಕೇಳತೈತೆ ಸ್ವಾಮಿ. ವಿದ್ಯೆ ಅಂದ್ರೆ ಅದು!" ಎಂದ. ನನ್ನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ ಕ್ಷೌರಿಕ, "ಹುಣಸೆಮರದ ಶಾಲಿ ಹುಡುಗ್ರು ಕ್ಷೌರಕ್ಕೆ ಕುಂತ್ರೆ ಒಂದೀಟೂ ಅಲುಗಾಡಂಗಿಲ್ಲ. ಅಂಥಾ ಶಿಸ್ತು ಬೇರೆ ಕಡೆ ಎಲ್ಲೈತೆ?" ಎಂದ. ಕತ್ತಿ ಅವನ ಕೈಯಲ್ಲಿದ್ದ ಕಾರಣ ನಾನೂ ಅಲುಗಾಡದೆ ಒಪ್ಪಿಕೊಂಡೆ. ಮನೆಗೆ ಬಂದು ಎರಡು ಅಭಿಪ್ರಾಯವನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಗಂಟಲು ದೊಡ್ಡದೋ ಕುತ್ತಿಗೆ ದೊಡ್ಡದೋ ಎಂಬಲ್ಲಿಗೆ ಬಂದು ನಿಂತಿತು.

ಕೊನೆಗೆ ಶಾಲೆಗಳಿಗೇ ಹೋಗತೊಡಗಿದೆ. ಹುಣಸೆಮರದ ಶಾಲೆಗೆ ಬಸಪ್ಪ ಮೇಷ್ಟ್ರು, ಹೆಂಚಿನ ಶಾಲೆಗೆ ರಂಗಪ್ಪ ಮೇಷ್ಟ್ರು. ಇಬ್ಬರಿಗೂ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುವಷ್ಟು ಸ್ಪರ್ಧೆ. "ಹೆಂಚಿನ ಶಾಲಿಗೇನ್ರಿ? ಹಾಕ್ರಿ, ಹಾಕ್ರಿ. ಮಗೂ ಚೆಂದಾಗಿ ಕೂಗಾಕೆ ಕಲೀತೈತೆ. ನಾಳೆ ಸಂತೆಯಾಗೆ ಸೊಪ್ಪು ಮಾರಾಕೆ ಅನುಕೂಲ ಆಗತೈತೆ," ಎಂದರು ಬಸಪ್ಪ ಮೇಷ್ಟ್ರು. "ಹುಣಸೆಮರದ ಶಾಲೀನಾ? ಒಳ್ಳೇದೇ. ಅಲ್ಲಿ ಮೇಷ್ಟ್ರು ನಿದ್ದೆ ಮಾಡ್ತಾರೆ, ಹುಡುಗ್ರು ಹುಣಸೆಕಾಯಿ ತಿಂತಾರೆ. ಯಾರಿಗೂ ಯಾರಿಂದ್ಲೂ ತೊಂದ್ರೆ ಇಲ್ಲ," ಎಂದರು ರಂಗಪ್ಪ ಮೇಷ್ಟ್ರು. ನಾನು ಮಾತಿಗೆ ಮರುಳಾಗುವವನಲ್ಲ. ಎರಡು ಶಾಲೆಯ ಗಡಿಗೆಯಿಂದಲೂ ನೀರು ಕುಡಿದು ರುಚಿ ನೋಡಿದೆ. ಕಿಟಕಿ ಬಾಗಿಲು ತೆರೆದು ಮುಚ್ಚಿ, ಕಿರುಗುಟ್ಟುವ ಶಬ್ದ ಹೋಲಿಸಿದೆ. ಕಪ್ಪು ಹಲಗೆಯನ್ನು ಬೆರಳಿನಿಂದ ಒರೆಸಿ ನೋಡಿದೆ. ಒಂದು ದಿನ ಹುಣಸೆಮರದ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಾಠ ಕೇಳುತ್ತಿದ್ದಾಗ, ಬಸಪ್ಪ ಮೇಷ್ಟ್ರು ಅಭ್ಯಾಸಬಲದಿಂದ ನನಗೂ ಮಗ್ಗಿ ಕೇಳಿಬಿಟ್ಟರು. ಎದ್ದು ನಿಂತು ಹೇಳಿದೆ. ಹತ್ತೊಂಬತ್ತರ ಮಗ್ಗಿಯಲ್ಲಿ ಕೊಂಚ ತಡವರಿಸಿದ್ದು ನಿಜ. ಪಕ್ಕದ ಪೋರನೊಬ್ಬ ಸರಿಯಾದದ್ದನ್ನು ಪಿಸುಗುಟ್ಟಿ ನನ್ನ ಮಾನ ಉಳಿಸಿದ. ಆ ದಿನ ನನ್ನ ಮನಸ್ಸು ಸ್ವಲ್ಪ ಹೆಂಚಿನ ಶಾಲೆಯ ಕಡೆಗೆ ವಾಲಿತ್ತು.

ಹೀಗೆ ಮಳೆಗಾಲ ಮುಗಿಯಿತು, ವಿಜಯದಶಮಿಯೂ ಹೋಯಿತು. ಅಕ್ಕಿಯ ತಟ್ಟೆಯಲ್ಲಿ ಗೌರಿಯ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದೂ ಗಂಗಮ್ಮನೇ. ಗೌರಿ ಒಂದು ಸ್ಲೇಟು, ಒಂದು ಬಟ್ಟೆಯ ಚೀಲ ಸಿದ್ಧ ಮಾಡಿಕೊಂಡು, ದಿನವೂ ಬೆಳಿಗ್ಗೆ ಲಂಗ ಉಟ್ಟು ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಕಚೇರಿಗೆ ಹೊರಟಾಗ, "ಅಪ್ಪಾಜಿ, ಹೋಲಿಸಿದ್ದು ಮುಗೀತಾ?" ಎಂದು ಕೇಳುತ್ತಿದ್ದಳು. "ಇನ್ನೊಂದು ಸ್ವಲ್ಪ ಐತೆ ಮಗಾ," ಎನ್ನುತ್ತಿದ್ದೆ. ಓರಗೆಯ ಹುಡುಗಿಯರೆಲ್ಲ ಚೀಲ ಹಾಕಿಕೊಂಡು ಮುಂದಿನಿಂದ ಹೋಗುವಾಗ ಅವಳು ಕಂಬ ಹಿಡಿದು ನೋಡುತ್ತಿದ್ದಳಂತೆ. ಅದನ್ನು ನೋಡಿ ನೋಡಿ ಒಂದು ದಿನ ಗಂಗಮ್ಮ ಸಿಡಿದುಬಿದ್ದಳು. "ನೋಡ್ರಿ, ಈ ತಿಂಗಳು ಕಳೆಯೋದ್ರಾಗೆ ಕೂಸನ್ನ ಶಾಲಿಗೆ ಹಾಕಿದ್ರೆ ಸರಿ. ಇಲ್ಲಂದ್ರೆ ನಮ್ಮಣ್ಣನ ಗಾಡಿ ತರಿಸ್ತೀನಿ. ಹೊನ್ನಾಳಿಗೆ ಕರ್ಕೊಂಡು ಹೋಗಿ ಅಲ್ಲೇ ಓದಿಸ್ತೀನಿ. ನೀವಿಲ್ಲಿ ಸೊಪ್ಪಿನ ಸಾರಿಗೂ ಬೇಳೆ ಸಾರಿಗೂ ಹೋಲಿಸ್ಕೊಂತ ಉಪವಾಸ ಕುಂತಿರ್ರಿ!" ಗಂಗಮ್ಮ ಆಡಿದ ಮಾತನ್ನು ಮಾಡುವವಳು. ನನಗೆ ನಿಜವಾಗಿಯೂ ಭಯವಾಯಿತು. ಅನ್ನ ಬೇಯಿಸಿಕೊಳ್ಳಲು ಬರುವುದಿಲ್ಲವೆಂಬ ಭಯ ಸ್ವಲ್ಪ. ಬಾಗಿಲಲ್ಲಿ ನಿಂತು ಕೇಳುವ ಆ ಪ್ರಶ್ನೆಯಿಲ್ಲದೆ ಕಚೇರಿಗೆ ಹೋಗಬೇಕಲ್ಲ ಎಂಬ ಭಯ ಬಹಳ.

ಅದೇ ಸಮಯಕ್ಕೆ ಊರಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಶಾಲೆಗಳ ಇನ್‌ಸ್ಪೆಕ್ಟರು ತನಿಖೆಗೆ ಬರುತ್ತಾರಂತೆ, ಯಾವ ಶಾಲೆಯಲ್ಲಿ ಮಕ್ಕಳು ಕಡಿಮೆ ಕಂಡರೆ ಅದನ್ನು ಮುಚ್ಚಿ ಇನ್ನೊಂದಕ್ಕೆ ಸೇರಿಸಿ, ಅಲ್ಲಿಯ ಮೇಷ್ಟ್ರನ್ನು ಎಲ್ಲಿಗಾದರೂ ಎತ್ತಿ ಹಾಕುತ್ತಾರಂತೆ. ಬಂದದ್ದಾದರೂ ಯಾವಾಗ? ಸುಗ್ಗಿಯಲ್ಲಿ! ಅರ್ಧ ಊರು ಸೂಳೆಕೆರೆಯ ಕೆಳಗಿನ ಗದ್ದೆಗಳಲ್ಲಿದ್ದ ಕಾಲ. ಮಕ್ಕಳೆಲ್ಲ ಕಣದಲ್ಲಿ ಹುಲ್ಲಿನ ಮೆದೆ ಹತ್ತಿ ಜಾರುತ್ತಿದ್ದರು. ಎರಡು ಶಾಲೆಯಲ್ಲೂ ಮಗ್ಗಿ ಕೂಗುವವರಿಗಿಂತ ಗುಬ್ಬಿಗಳೇ ಹೆಚ್ಚು. ನನಗಾದರೋ ಒಳಗೊಳಗೇ ಸಂತೋಷವಾಯಿತು. ಒಂದು ಶಾಲೆ ಮುಚ್ಚಿದರೆ ಹೋಲಿಸುವ ಕೆಲಸವೇ ತಪ್ಪಿತಲ್ಲ! ಜೊತೆಗೆ ಅಮಲ್ದಾರ್ ಸಾಹೇಬರು ಕರೆದು, "ಶಾಲೆಗಳ ವಿಷಯ ನಿಮಗಿಂತ ಚೆನ್ನಾಗಿ ತಿಳಿದವರು ಈ ಊರಲ್ಲಿಲ್ಲವಂತೆ. ಇನ್‌ಸ್ಪೆಕ್ಟರ ಜೊತೆ ನೀವೇ ಹೋಗಿ," ಎಂದು ಬಿಟ್ಟರು. ಅವರ ಮುಖದಲ್ಲಿ ನಗುವಿತ್ತು. ಅದು ಮೆಚ್ಚುಗೆಯ ನಗುವೆಂದೇ ಆಗ ತಿಳಿದೆ.

ತನಿಖೆಯ ದಿನ ಕೋಟು ತೊಟ್ಟು, ರುಮಾಲು ಸುತ್ತಿ ಹೊರಟೆ. ಗಂಗಮ್ಮ ಎಂದಿಲ್ಲದ ಗಡಿಬಿಡಿಯಲ್ಲಿ, "ಹೋಗ್ರಿ, ಹೋಗ್ರಿ, ಹೊತ್ತಾತು," ಎಂದು ತಳ್ಳದ ಹಾಗೆ ತಳ್ಳಿದಳು. ಇನ್‌ಸ್ಪೆಕ್ಟರು ತೆಳ್ಳನೆಯ ಮನುಷ್ಯ, ಮೈಸೂರು ಕಡೆಯ ಮೆತ್ತನೆಯ ಮಾತು. ಬೆಳಿಗ್ಗೆ ಹುಣಸೆಮರದ ಶಾಲೆ. ಒಳಗೆ ಹೋಗಿ ನೋಡಿದರೆ, ಏನು ಹೇಳಲಿ, ಗೋಡೆಯಿಂದ ಗೋಡೆಗೆ ಮಕ್ಕಳು! ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿ. ಮುಂದಿನ ಸಾಲಿನ ಹುಡುಗನೊಬ್ಬ ಕಾಲಿನ ಹೆಬ್ಬೆರಳಿಗೆ ದೊಡ್ಡದೊಂದು ಅರಿಶಿನದ ಬಟ್ಟೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ. "ನಿಮ್ಮ ತಾಲೂಕಿನ ದೊಡ್ಡ ಕೆರೆ ಯಾವುದು?" ಎಂದು ಇನ್‌ಸ್ಪೆಕ್ಟರು ಕೇಳಿದರೆ, "ಸೂಳೆಕೆರೆ ಸಾರ್!" ಎಂದು ಮರದ ಕಾಗೆಗಳೆಲ್ಲ ಹಾರಿಹೋಗುವ ಹಾಗೆ ಕೂಗಿದರು. ನಾನು ಮಕ್ಕಳ ಕಡೆ ಹೆಚ್ಚು ನೋಡಲಿಲ್ಲ. ನನ್ನ ಗಮನವೆಲ್ಲ ಗೋಡೆಯ ಮೇಲೆ. ಹಿಂದಿನ ಸಲ ಕಂಡಿದ್ದ ಬಿರುಕಿಗೆ ಬಸಪ್ಪ ಮೇಷ್ಟ್ರು ನಕಾಶೆ ತೂಗುಹಾಕಿ ಮುಚ್ಚಿದ್ದರು. ನಕಾಶೆಯನ್ನು ಮೆಲ್ಲನೆ ಎತ್ತಿ ಬಿರುಕು ಬೆಳೆದಿದೆಯೋ ಹೇಗೆ ಎಂದು ಪರೀಕ್ಷಿಸುತ್ತಿದ್ದಾಗ, ಬೆನ್ನ ಹಿಂದೆ ಹೆಣ್ಣುಮಗುವೊಂದು ಸಂವತ್ಸರಗಳ ಹೆಸರು ಹೇಳತೊಡಗಿತು. "ಪ್ರಭವ, ವಿಭವ, ಶುಕ್ಲ..." ಎಂದು ಎಲ್ಲೂ ನಿಲ್ಲದೆ ಓಡಿ, ಬಹುಧಾನ್ಯದ ಹತ್ತಿರ ಒಂದು ದೊಡ್ಡ ಉಸಿರೆಳೆದುಕೊಂಡು ಮತ್ತೆ ಓಡಿತು. ಎಷ್ಟು ಮುದ್ದಾದ ಗಂಟಲು! ನಮ್ಮ ಗೌರಿಯೂ ಹೀಗೆ ಹೇಳುವಂತಾಗುವುದು ಯಾವಾಗ ಎಂದು ಬಿರುಕಿನ ಮುಂದೆ ನಿಂತೇ ನಿಟ್ಟುಸಿರುಬಿಟ್ಟೆ. ಆ ಹುಡುಗಿಯ ಅಪ್ಪ ಪುಣ್ಯವಂತ ಎಂದೂ ಅಂದುಕೊಂಡೆ.

ಮಧ್ಯಾಹ್ನ ಇನ್‌ಸ್ಪೆಕ್ಟರು ಬಂಗಲೆಯಲ್ಲಿ ಊಟ ಮಾಡಿ ಸಣ್ಣ ನಿದ್ದೆ ತೆಗೆದರು. ಆಮೇಲೆ ಹೆಂಚಿನ ಶಾಲೆ. ಅಲ್ಲೂ ಗೋಡೆಯಿಂದ ಗೋಡೆಗೆ ಮಕ್ಕಳು! ಇವರು ಇನ್ನೂ ಚುರುಕು. "ನಿಮ್ಮ ತಾಲೂಕಿನ..." ಎಂದು ಇನ್‌ಸ್ಪೆಕ್ಟರು ಬಾಯಿ ತೆರೆಯುವಷ್ಟರಲ್ಲಿ, "ಸೂಳೆಕೆರೆ ಸಾರ್!" ಎಂದು ಉತ್ತರ ಬಂತು. ಪ್ರಶ್ನೆಗೆ ಮೊದಲೇ ಉತ್ತರ ಕೊಡುವ ಮಕ್ಕಳನ್ನು ನಾನು ಎಲ್ಲೂ ಕಂಡಿರಲಿಲ್ಲ. ಮುಗಿಯಿತು, ಹೆಂಚಿನ ಶಾಲೆಯೇ ಸರಿ ಎಂದು ಕೊನೆಗೂ ನಿರ್ಧಾರ ಮಾಡಿದೆ. ನನ್ನ ಜೀವಮಾನದ ಮೊದಲ ನಿರ್ಧಾರ! ಅದೇ ಸಂತೋಷದಲ್ಲಿ ತಲೆ ತಗ್ಗಿಸಿದರೆ, ಮುಂದಿನ ಸಾಲಿನಲ್ಲಿ ಅರಿಶಿನದ ಬಟ್ಟೆ ಸುತ್ತಿದ ಹೆಬ್ಬೆರಳು. ಇದೇನು, ಈ ಊರಿನ ಮಕ್ಕಳೆಲ್ಲ ಒಂದೇ ಬೆರಳನ್ನು ಎಡವಿಕೊಳ್ಳುತ್ತಾರೆಯೇ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ, "ಪ್ರಭವ, ವಿಭವ, ಶುಕ್ಲ..." ಎಂದು ಶುರುವಾಯಿತು. ಬಹುಧಾನ್ಯದ ಹತ್ತಿರ ದೊಡ್ಡ ಉಸಿರು. ಈ ಸಲ ನಾನು ಕತ್ತೆತ್ತಿ ನೋಡಿದೆ.

ಗೌರಿ! ನನ್ನ ಮಗಳು! ಬೆಳಿಗ್ಗೆ ನಾನೇ ಬಾಗಿಲಲ್ಲಿ ಬಿಟ್ಟು ಬಂದ ಹುಡುಗಿ, ಅದೇ ಲಂಗ, ಅದೇ ಜಡೆ, ಎದೆಗೆ ಸ್ಲೇಟು ಅವಚಿಕೊಂಡು ನಿಂತಿದ್ದಾಳೆ. ಅವಳ ಮುಖದಲ್ಲಿ ಇದ್ದ ಸಂಭ್ರಮವನ್ನು ನಾನು ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಇಷ್ಟು ಸಣ್ಣದೊಂದು ಸುಖವನ್ನು ಈ ಕೂಸಿಗೆ ಇಷ್ಟು ದಿನ ಕೊಡದೆ ಗೋಡೆಯ ಬಿರುಕು ನೋಡುತ್ತ ನಿಂತಿದ್ದೆನಲ್ಲ! ಆದರೆ ಮರುಗಲು ಪುರಸತ್ತು ಎಲ್ಲಿ? ಇನ್‌ಸ್ಪೆಕ್ಟರು ಕನ್ನಡಕ ಸರಿಪಡಿಸಿಕೊಂಡರು.

"ಮಗು, ಬೆಳಿಗ್ಗೆ ನೀನು ಹುಣಸೆಮರದ ಶಾಲೆಯಲ್ಲಿ ಇರಲಿಲ್ಲವೇ?"

ರಂಗಪ್ಪ ಮೇಷ್ಟ್ರ ಮುಖ ಸುಣ್ಣದ ಗೋಡೆಯ ಹಾಗಾಯಿತು. ಕಿಟಕಿಯ ಹೊರಗೆ ಯಾರದೋ ಪೇಟ ಸರಕ್ಕನೆ ಕೆಳಗಿಳಿಯಿತು. ಅದು ಬಸಪ್ಪ ಮೇಷ್ಟ್ರದು. ಬೀದಿಯಲ್ಲಿ ಮುಖ ತಿರುಗಿಸುವ ಇಬ್ಬರೂ ಸೇರಿ, ಇನ್‌ಸ್ಪೆಕ್ಟರು ನಿದ್ದೆ ಮಾಡುವಾಗ ಇಡೀ ಶಾಲೆಯನ್ನು ಹಿಂದಿನ ಓಣಿಯಿಂದ ಸಾಗಿಸಿದ್ದರು. ಈಗ ಮಗಳು ಒಂದು ಮಾತು ತಪ್ಪಿದರೆ ಒಬ್ಬರಲ್ಲ, ಇಬ್ಬರೂ ಕೆಡುತ್ತಾರೆ. ಗೌರಿ ಮೇಷ್ಟ್ರನ್ನು ನೋಡಿದಳು, ನನ್ನನ್ನು ನೋಡಿದಳು.

"ಹೂಂ ಸಾರ್, ಅಲ್ಲಿದ್ದೆ. ಈಗ ಇಲ್ಲಿ ಬಂದೀನಿ. ನಮ್ಮಪ್ಪಾಜಿ ಎರಡು ಶಾಲೀನೂ ಹೋಲಿಸ್ತಾ ಅದಾರೆ. ಅವರಿಗೆ ಮುಗೀವಲ್ದು. ಅದಕ್ಕೆ ನಾನೇ ನೋಡಾಕೆ ಬಂದೆ."

ಇನ್‌ಸ್ಪೆಕ್ಟರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಹೌದು ಸ್ವಾಮಿ," ಎಂದೆ, ಗಂಟಲು ಸರಿಮಾಡಿಕೊಂಡು. "ಜೂನ್ ತಿಂಗಳಿಂದ ಹೋಲಿಸುತ್ತಿದ್ದೇನೆ. ಊರಿಗೆಲ್ಲ ಗೊತ್ತು." ಜನ್ಮದಲ್ಲಿ ಮೊದಲ ಸಲ ನನ್ನ ಚಟ ಯಾರಿಗೋ ಉಪಯೋಗಕ್ಕೆ ಬಂದಿತ್ತು. ಅವರು ತಲೆಯಾಡಿಸಿ, ಹೆಬ್ಬೆರಳಿನ ಹುಡುಗನ ಹತ್ತಿರ ಹೋಗಿ, "ನಿಮ್ಮಪ್ಪನೂ ಹೋಲಿಸುತ್ತಾನೇನಯ್ಯ?" ಎಂದರು. ಅವನು ಎದ್ದು ನಿಂತು, "ಹೂಂ ಸಾರ್!" ಎಂದ. ಒಬ್ಬನಿಗೆ ಕೇಳಿದ್ದಕ್ಕೆ ಎಲ್ಲರೂ ಉತ್ತರ ಹೇಳಿ ಅಭ್ಯಾಸವಾಗಿದ್ದ ಶಾಲೆ ಸುಮ್ಮನಿದ್ದೀತೇ? "ನಮ್ಮಪ್ಪನೂ ಹೋಲಿಸ್ತಾನೆ ಸಾರ್!" ಎಂದು ಹೆಂಚು ಹಾರುವ ಹಾಗೆ ಕೂಗಿತು. ಅಡಿಕೆ ವ್ಯಾಪಾರಿಯ ಅಂಗಡಿಗೂ ಕೇಳಿಸಿತಂತೆ.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ರಂಗಪ್ಪ ಮೇಷ್ಟ್ರಿಗೆ, "ನಾನೂ ನ್ಯಾಮತಿ ಕಡೆ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವನೇ ಕಣ್ರೀ. ಅಲ್ಲಿ ಎರಡು ಶಾಲೆಗೂ ನಡುವೆ ಒಂದು ಹಳ್ಳವಿತ್ತು. ಮಕ್ಕಳೆಲ್ಲ ಮೊಣಕಾಲಿನವರೆಗೆ ಒದ್ದೆಯಾಗಿ ಬಂದು ಕೂತು ಸಿಕ್ಕಿಬಿದ್ದೆವು. ನಿಮ್ಮೂರಲ್ಲಿ ಹಳ್ಳವಿಲ್ಲ, ಪುಣ್ಯ ಮಾಡಿದ್ದೀರಿ," ಎಂದರು. ಮತ್ತೆ ಕಿಟಕಿಯ ಕಡೆ ನೋಡಿ, "ಬಸಪ್ಪನವರೇ, ಒಳಗೆ ಬನ್ನಿ, ಸೊಂಟ ಹಿಡಿದೀತು. ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ಬರುತ್ತೇನೆ. ಅಲ್ಲಿಯವರೆಗೆ ಎರಡೂ ಶಾಲೆ ಇರಲಿ. ಆ ದಿನ ಮಾತ್ರ ಒಂದು ಶಾಲೆಗೆ ನಾನು, ಇನ್ನೊಂದಕ್ಕೆ ಈ ಗುಮಾಸ್ತರು, ಒಂದೇ ಹೊತ್ತಿಗೆ ಹೋಗುತ್ತೇವೆ. ಇವರಿಗೆ ಹೇಗೂ ಅಭ್ಯಾಸವಿದೆ," ಎಂದರು.

ಸಂಜೆ ಮನೆಗೆ ಬಂದವನೇ ಗಂಗಮ್ಮನ ಮುಂದೆ ನಿಂತೆ. "ಮಗಳನ್ನು ಕಡ ಕೊಟ್ಟಿದ್ದೀಯಲ್ಲ, ನನಗೊಂದು ಮಾತು ಹೇಳಬಾರದಿತ್ತೇ?" ಎಂದೆ. "ಹೇಳಿದ್ರೆ ಯಾವ ಶಾಲಿಗೆ ಮೊದಲು ಕಳಿಸ್ಬೇಕು ಅಂತ ಹೋಲಿಸ್ಕೊಂತ ಕುಂತಿರ್ತಿದ್ರಿ," ಎಂದಳು ಅವಳು, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ. ಮೇಷ್ಟ್ರಿಬ್ಬರೂ ಒಬ್ಬರ ಹಿಂದೆ ಒಬ್ಬರು ಬಂದು, "ಅಮ್ಮಾರೆ, ಒಂದಿನದ ಮಟ್ಟಿಗೆ ಕೂಸನ್ನ ಕೊಡ್ರಿ," ಎಂದು ಕೈಮುಗಿದಿದ್ದರಂತೆ. ತಾನೇ ಮನೆಯಲ್ಲಿ ಸಂವತ್ಸರಗಳ ಹೆಸರು ಕಲಿಸಿದ್ದ ಕೂಸು ಶಾಲೆಯಲ್ಲಿ ಒಂದು ದಿನವಾದರೂ ಕೂರಲಿ ಎಂದು ಇವಳು ಒಪ್ಪಿ, ಹಾಗೆಯೇ ಪೂರ್ತಿ ಸೇರಿಸಿಕೊಳ್ಳಿರೆಂದು ಇಬ್ಬರನ್ನೂ ಕೇಳಿದಳಂತೆ. "ಮಗು ಬಂಗಾರದಂಥದ್ದು ಅಮ್ಮಾರೆ, ಆದ್ರೆ ಅವರಪ್ಪಾಜಿ ದಿನಾ ಬಂದು ಕುಂತ್ರೆ ನಾವು ಪಾಠ ಮಾಡೋದು ಹೆಂಗೆ? ಹೆಂಚಿನ ಶಾಲಿ ಬಾಳ ಚೆನ್ನಾಗೈತೆ, ಅಲ್ಲಿಗೇ ಹಾಕ್ರಿ," ಎಂದರಂತೆ ಬಸಪ್ಪ ಮೇಷ್ಟ್ರು. "ಹುಣಸೆಮರದ ನೆರಳು ತಂಪಾಗೈತೆ, ಅಲ್ಲಿಗೇ ಹಾಕ್ರಿ," ಎಂದರಂತೆ ರಂಗಪ್ಪ ಮೇಷ್ಟ್ರು. ಒಬ್ಬರ ಶಾಲೆಯನ್ನು ಇನ್ನೊಬ್ಬರು ಹೊಗಳಿದ್ದು ಚನ್ನಗಿರಿಯಲ್ಲಿ ಅದೇ ಮೊದಲಂತೆ. ಕೊನೆಗೆ ನಾನು ಶಾಲೆಯ ಬಾಗಿಲು ದಾಟಬಾರದೆಂಬ ಕರಾರಿನ ಮೇಲೆ ಇಬ್ಬರೂ ಒಪ್ಪಿದ್ದರು. ನಾನು ಅಷ್ಟು ತಿಂಗಳಿಂದ ಶಾಲೆಗಳನ್ನು ತೂಗುತ್ತಿದ್ದಾಗ ಶಾಲೆಗಳೂ ನನ್ನನ್ನು ತೂಗಿದ್ದವು ಎಂದಾಯಿತು.

ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ಎರಡೂ ನೋಡಿದೀಯಲ್ಲ ಮಗಾ, ಯಾವುದು ಚೆಂದ?" ಎಂದೆ. ಈ ಊರಲ್ಲಿ ಒಂದೇ ದಿನ ಎರಡು ಶಾಲೆಯಲ್ಲೂ ಕಲಿತವರ ಅಭಿಪ್ರಾಯವೆಂದರೆ ಸಾಮಾನ್ಯವೇ?

"ಹೆಂಚಿನ ಶಾಲಿ," ಎಂದಳು ಕೂಡಲೇ.

"ಯಾಕೆ? ಹೆಂಚು ಹೊಸದು ಅಂತಲಾ? ಗಡಿಗೆ ನೀರು ಸಿಹಿ ಅಂತಲಾ?"

"ಅದಲ್ಲ. ಹುಣಸೆಮರದ ಶಾಲಿಯಾಗೆ ನಾನು ಹೇಳೋವಾಗ ನೀವು ಗೋಡಿ ನೋಡ್ತಿದ್ರಿ. ಹೆಂಚಿನ ಶಾಲಿಯಾಗೆ ನನ್ನ ನೋಡಿದ್ರಿ."

ಗಂಗಮ್ಮನ ರೊಟ್ಟಿಯ ಸದ್ದು ಒಂದು ಗಳಿಗೆ ನಿಂತಿತು. ನಾನು ಗೌರಿಯ ಜಡೆ ಸವರುತ್ತ ಕೂತೆ. ಹೊನ್ನಾಳಿಯ ಗಾಡಿ ಬರುವುದು ತಪ್ಪಿತು.

ಮರುದಿನ ಕೈ ಹಿಡಿದು ಕರೆದುಕೊಂಡು ಹೊರಟೆ. ಬಾಗಿಲಿನವರೆಗೆ ಬಿಟ್ಟು ಬರಲು ಅಪ್ಪಣೆಯಿತ್ತು. ನಮ್ಮ ಓಣಿ ದಾಟಿದ ಮೇಲೆ ಹೆಂಚಿನ ಶಾಲೆಗೆ ಎರಡು ದಾರಿ. ಒಂದು ಬಾವಿಯ ಕಡೆಯಿಂದ, ಇನ್ನೊಂದು ಗಾಣದ ಬೀದಿಯಿಂದ. ಬಾವಿಯ ಕಡೆ ನೆರಳು ಚೆನ್ನಾಗಿದೆ, ಆದರೆ ಕೆಸರು. ಗಾಣದ ಬೀದಿ ಒಣಗಿದೆ, ಆದರೆ ಎತ್ತುಗಳ ಕಾಟ. ಹಾಗಾದರೆ ಯಾವುದು ಮೇಲು ಎಂದು ಕೇಳಲು ತಿರುಗಿ ನೋಡುತ್ತೇನೆ, ಕೈಯಲ್ಲಿ ಕೈಯಿಲ್ಲ. ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮಕ್ಕಳ ಗದ್ದಲದ ನಡುವೆ, "ಪ್ರಭವ, ವಿಭವ, ಶುಕ್ಲ..." ಎಂಬುದು ತೇಲಿಬಂತು. ಬಹುಧಾನ್ಯದ ಹತ್ತಿರ ಅವಳು ಉಸಿರೆಳೆದುಕೊಂಡಾಗ ನಾನು ಇನ್ನೂ ಆ ಕವಲಿನಲ್ಲೇ ನಿಂತಿದ್ದೆ.